ಆಲಿಕೆ

ಇಪ್ಪತ್ತು ರಿಯಾಲ್ ಕೊಟ್ಟು ಸೇರಿದ ಕ್ಲಾಸಿನಲ್ಲಿ
ದುಬೈಯ ಹುಡುಗ ಪರದೆಯ ಮೇಲೆ ಚಿತ್ರ ಬರೆದ:
ಮೇಲೆ ಅಗಲ, ಕೆಳಗೆ ಸಪೂರ.
ಫನಲ್ ಅಂದ. ಮೇಲಿಂದ ಸಾವಿರ ಜನ ಸುರಿದರೆ
ಕೆಳಗೆ ಹತ್ತು ಗಿರಾಕಿ ತೊಟ್ಟಿಕ್ಕುತ್ತಾರಂತೆ.
ಮಗಳ ಹಳೇ ಕಾಪಿಯಲ್ಲಿ ಬರೆದುಕೊಂಡೆ: ಆಲಿಕೆ.
ಸೀಮೆಎಣ್ಣೆ ಕ್ಯಾನಿನ ಬಾಯಿಗೆ ಉಮ್ಮ ಇಡುತ್ತಿದ್ದ
ತಗಡಿನದ್ದು ನೆನಪಾಯಿತು.
ಮೈಕ್ ಮ್ಯೂಟ್ ಇತ್ತು. ಯಾರಿಗೂ ಹೇಳಲಿಲ್ಲ.

ಸಾವಿರ ಜನ ನನಗೆಲ್ಲಿ?
ರುವಿಯ ಈ ಮೂರನೇ ಮಾಳಿಗೆಯಲ್ಲಿ
ಗೊತ್ತಿದ್ದದ್ದು ಎದುರು ಬಾಗಿಲಿನ ಲವಿಟಾ,
ಅವಳ ಮಗು, ಒಂದು ಬದಿ
ಚಪ್ಪಟೆಯಾಗುತ್ತಿದ್ದ ಅದರ ತಲೆ.
ಇವರ ಸವೆದ ಮುಂಡಿನ ಮೆತ್ತನೆ ತುಂಡು,
ಒಂದು ಕಿಲೋ ಸಾಸಿವೆ, ಅಂಚಿಗೆ ಎರಡು ಸಾಲು ಹೊಲಿಗೆ.
ತಲೆ ಆಚೆ ಹೊರಳಿದರೆ
ಕಾಳು ಈಚೆ ಸರಿದು ಜಾಗ ಬಿಡುವ ಸದ್ದು,
ಅಷ್ಟೇ ನನ್ನ ಬಂಡವಾಳ.

ಲವಿಟಾ ಫೋಟೋ ಹಾಕಲಿಲ್ಲ.
ಲಸಿಕೆಯ ಸಾಲಿನಲ್ಲಿ ಪಕ್ಕದವಳಿಗೆ ಹೇಳಿದಳು, ಕೊಂಕಣಿಯಲ್ಲಿ.
ಅವಳು ನರ್ಸ್ ಷೈಜಿಗೆ, ಅರ್ಧ ಮಲಯಾಳದಲ್ಲಿ.
ಷೈಜಿ ಒಬ್ಬ ಅಜ್ಜಿಗೆ, ತನ್ನ ಮುರುಕು ಅರಬಿಯಲ್ಲಿ.
ಅಜ್ಜಿ ಸೀಬಿನ ಮದುವೆಮನೆಗೆ ಒಯ್ದಳು.
ಅಲ್ಲಿಂದ ಮಾತು ಯಾರ ಕಾರು ಹತ್ತಿತೋ,
ಬರ್ಕಾ, ಸೊಹಾರ್, ಇಬ್ರಿ.
ತಿಂಗಳ ಕೊನೆಗೆ ಫೋನಿನಲ್ಲಿ ಗುರುತಿಲ್ಲದ ದನಿ:
"ಈಜಿಪ್ಟಿನ ಹೆಂಗಸು ಮಾಡುತ್ತಾಳಲ್ಲ, ಆ ದಿಂಬು?"

ನನ್ನ ಹೆಸರು ಮಿಸ್ರಿಯಾ.
ಉಪ್ಪಿನಂಗಡಿಯ ರೇಷನ್ ಕಾರ್ಡಿನಲ್ಲಿ ಅದು ಬರೀ ಹೆಸರು,
ಇಲ್ಲಿ ಒಂದು ದೇಶ.
ಇವರು ಊಟದ ತಟ್ಟೆ ಬಿಟ್ಟು ನಕ್ಕರು.
ಮೊದಮೊದಲು ತಿದ್ದಿದೆ, ಆಮೇಲೆ ಬಿಟ್ಟೆ.
ನೈಲ್ ದಡದ ಸಾಸಿವೆಯಾ ಎಂದು ಕೇಳಿದವಳಿಗೆ ಮಾತ್ರ
ಅಲ್ಲಮ್ಮ, ಕೆಳಗಿನ ಅಂಗಡಿಯದು, ಅಂದೆ.

ಮಾತು ದಾರಿಯಲ್ಲಿ ಬೆಳೆಯುತ್ತದೆ.
ನಾನು ಹೇಳಿದ ಎರಡೂವರೆ ರಿಯಾಲ್
ಇಬ್ರಿ ಮುಟ್ಟುವಾಗ ನಾಲ್ಕು.
ಮಗುವಿನ ಹೊಟ್ಟೆನೋವಿಗೂ ಆಗುತ್ತದಂತೆ, ಅಂದಳೊಬ್ಬಳು.
ಆಗುವುದಿಲ್ಲ ಅಂದೆ.
ಸಲಾಲಾಕ್ಕೆ ಟ್ರೇಲರ್ ಓಡಿಸುವವನೊಬ್ಬ
ಕುತ್ತಿಗೆಗೆ ಬೇಕು ಅಂದ, ಉದ್ದಕ್ಕೆ ಹೊಲಿದುಕೊಟ್ಟೆ.
ಷೈಜಿ ಗದರಿದ ಮೇಲೆ ಪ್ರತಿ ಪೊಟ್ಟಣಕ್ಕೂ ಒಂದು ಚೀಟಿ:
ಮಗು ನಿದ್ದೆ ಹೋದರೆ ತೆಗೆದಿಡಿ.
ಕ್ಲಾಸಿನ ಹುಡುಗ ಹಣೆ ಚಚ್ಚಿಕೊಂಡ,
"ಮೇಡಂ, ಮಾರುವವರು ಯಾರಾದರೂ ಹೀಗೆ ಹೆದರಿಸುತ್ತಾರಾ?"

ಇಬ್ರಿಯವಳು ಎರಡು ಹೇಳಿದ್ದಳು, ಅವಳಿ ಎಂದು.
ದುಡ್ಡೂ ಮೊದಲೇ ಹಾಕಿದ್ದಳು.
ಹನ್ನೊಂದನೇ ದಿನ ಎರಡೇ ಪದ ಬಂತು:
ಒಂದು ಸಾಕು.

ಎರಡೂವರೆ ರಿಯಾಲ್ ವಾಪಸು ಹಾಕಿದೆ.
ಏನಾದರೂ ಹೇಳೋಣವೆಂದು ಮೈಕಿನ ಗುಂಡಿ ಒತ್ತಿ ಹಿಡಿದೆ,
ಬಾಯಿ ಬರಲಿಲ್ಲ. ಹೆಬ್ಬೆರಳು ಸೋತು ಬಿಟ್ಟಾಗ
ಹೋಗೇಬಿಟ್ಟಿತು ಅದು, ಹದಿನಾಲ್ಕು ಸೆಕೆಂಡು:
ಎಸಿಯ ಸದ್ದು, ಕೆಳಗೆ ಯಾರದೋ ಹಾರ್ನ್,
ನಡುವೆ ನನ್ನ ಉಸಿರು.
ಎರಡು ಗೆರೆ ನೀಲಿಯಾದವು.
ರಾತ್ರಿ ಅವಳದ್ದೂ ಬಂತು, ಒಂಬತ್ತು ಸೆಕೆಂಡು.
ಅಲ್ಲೂ ಒಂದು ಎಸಿ.
ಒಂದು ಮಗು ಹಾಲು ಕುಡಿಯುವ ಸದ್ದು.

ಚಳಿ ಹಿಡಿಯುವ ಹೊತ್ತಿಗೆ ಇಬ್ರಿಯಿಂದ ಸಾಲುಸಾಲು.
ಯಾರೂ ಬೆಲೆ ಕೇಳಲಿಲ್ಲ.
ನನ್ನ ಬಗ್ಗೆ ಯಾರು ಹೇಳಿದರು ಅಂದರೆ
ಒಬ್ಬಳೇ ಒಬ್ಬಳ ಹೆಸರು.
ಏನು ಹೇಳಿದಳು ಎಂದು ಕೇಳುವ ಧೈರ್ಯ
ನನಗಿನ್ನೂ ಬಂದಿಲ್ಲ.
ಎರಡನೆಯ ದಿಂಬು ಕಪಾಟಿನಲ್ಲಿದೆ,
ಬಾಗಿಲು ತೆಗೆದಾಗ ಕಾಳು ಸರಿಯುತ್ತದೆ.

ಕ್ಲಾಸಿನ ಕೊನೆಯ ದಿನ ಹುಡುಗ ಕೇಳಿದ,
"ನಿಮ್ಮ ಫನಲ್ ತೋರಿಸಿ."
ಏನು ತೋರಿಸಲಿ?
ಎಣ್ಣೆ ಮುಗಿದ ದಿನ ನಾವು ಮಕ್ಕಳು
ಉಮ್ಮನ ಆಲಿಕೆಯನ್ನು ತಿರುಗಿಸಿ
ಸಪೂರ ತುದಿ ಕಿವಿಗಿಟ್ಟುಕೊಳ್ಳುತ್ತಿದ್ದೆವು,
ಅಗಲ ಬಾಯಿ ಬೀದಿಯ ಕಡೆಗೆ.
ಕಿವಿಯೆಲ್ಲ ಸೀಮೆಎಣ್ಣೆ ವಾಸನೆ,
ಬೈಗುಳ ಬೇರೆ.

ಸಾಸಿವೆ ಮುಗಿದಿದೆ, ಕೆಳಗೆ ಹೋಗಿ ಬರಬೇಕು.