ಇಪ್ಪತ್ತರ ಎಲೆ

ಕಡೂರು ರಸ್ತೆಯಲ್ಲಿ, ಲಾರಿ ತೂಗುವ ವೇಬ್ರಿಡ್ಜಿನ ಹಿಂದೆ
ನಮ್ಮ ಶೆಡ್ಡು. ಬೋರ್ಡಿಲ್ಲ.
ಹುಡುಕಿಕೊಂಡು ಬರುವವರಿಗೆ ಸದ್ದೇ ವಿಳಾಸ.

ಜಿಪ್ಸಿಯ ಎಂಜಿನ್ನು ಬಂದದ್ದು ಗೋಣಿಚೀಲದ ಮೇಲೆ ಮಲಗಿ,
ಎರಡನೇ ಸಿಲಿಂಡರಿನಲ್ಲಿ ಪಿಸ್ಟನ್ ಕಚ್ಚಿ,
ಗೋಡೆಯುದ್ದಕ್ಕೂ ಯಾರೋ ಉಗುರಲ್ಲಿ ಪರಚಿದ ಗೀರು.
"ಎಂಟು ಸಾವಿರ ದಾಟಿಸಿದೆ" ಅಂದಳು ದೇಚಮ್ಮ;
ತಪ್ಪೊಪ್ಪಿಗೆಯೋ ಜಂಬವೋ, ತಿಳಿಯಲಿಲ್ಲ.
ಗಿಲ್ಬರ್ಟ್ ಮೇಸ್ತ್ರಿ ಗೀರಿನ ಮೇಲೆ ಬೆರಳಾಡಿಸಿ
"ಇಪ್ಪತ್ತು ದಿನ ಕೊಡಮ್ಮ" ಅಂದರು.

ಬಿಚ್ಚುವುದಕ್ಕೆ ಒಂದು ಮಧ್ಯಾಹ್ನ ಸಾಕು.
ಕಟ್ಟುವುದು ಬೇರೆ.
ಬ್ಲಾಕು ಹಾಸನಕ್ಕೆ ಹೋಗಿ ಬೋರಾಗಿ ಬಂತು,
ನಾಲ್ಕು ಬಾವಿಯೊಳಗೂ ಓರೆ ಗೆರೆಗಳ ನೇಯ್ಗೆ,
ಎಣ್ಣೆಗೆ ಹಿಡಿದು ನಿಲ್ಲಲೊಂದು ನೆಲೆ.
ಚಿನ್ನದಂಗಡಿಯಿಂದ ಕಾಡಿಬೇಡಿ ತಂದ ತಕ್ಕಡಿಯಲ್ಲಿ
ಪಿಸ್ಟನ್ನು, ಪಿನ್ನು, ಕನೆಕ್ಟಿಂಗ್ ರಾಡು.
ಹೊರಗೆ ಲಾರಿಗಳು ಟನ್ನಿನಲ್ಲಿ ತೂಗಿಸಿಕೊಳ್ಳುವಾಗ
ಒಳಗೆ ನಾನು ಕಾಲು ಗ್ರಾಂ ಉಜ್ಜುತ್ತಿದ್ದೆ.

ಮೇಸ್ತ್ರಿಯ ಕೈ ಈಗ ನಡುಗುತ್ತದೆ,
ಮೈಕ್ರೋಮೀಟರಿನ ಮುಳ್ಳುಗೆರೆ ಅವರಿಗೆ ನಿಲ್ಲುವುದಿಲ್ಲ.
ಹಾಗಾಗಿ ಅಳತೆ ನನ್ನದು, ಕಿವಿ ಅವರದು.
ಕೂತು ಮಾತಾಡಿ ಮಾಡಿಕೊಂಡ ಒಪ್ಪಂದವಲ್ಲ ಇದು.
ಒಂದು ದಿನ ಗೇಜನ್ನು ನನ್ನ ಕಡೆ ಸರಿಸಿದರು, ಅಷ್ಟೇ.

ಕೊಯಮತ್ತೂರಿನಿಂದ ಏಳು ಎಕ್ಸಾಸ್ಟ್ ವಾಲ್ವು ಬಂತು,
ಎಂಟನೆಯದು ನಾಳೆ, ನಾಳಿದ್ದು.
ಹಳೆಯದನ್ನೇ ಉಜ್ಜಿ, ಸೀಟಿಗೆ ಕೂರಿಸಿದೆ.
ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಹತ್ತೊಂಬತ್ತನೇ ಸಂಜೆ ಕೀಲಿ ತಿರುಗಿಸಿದಾಗ
ಒಂದೇ ಏಟಿಗೆ ಹತ್ತಿಕೊಂಡಿತು.
ಶೆಡ್ಡಿನ ತಗಡು ನಡುಗಿ, ಡಬ್ಬಿಯ ನಟ್ಟುಗಳು ಕುಣಿದು,
ಎದುರಿನ ಕ್ಯಾಂಟೀನಿನವನು ಸೌಟು ಹಿಡಿದೇ ಹೊರಗೆ ಬಂದ.
ಮೇಸ್ತ್ರಿ ಉದ್ದದ ಸ್ಕ್ರೂ ಡ್ರೈವರಿನ ತುದಿಯನ್ನು
ಹೆಡ್ಡಿಗೆ ಆನಿಸಿ, ಹಿಡಿಗೆ ಕಿವಿ ಕೊಟ್ಟು
ಕಣ್ಣು ಮುಚ್ಚಿದರು.
"ನಾಲ್ಕನೇದು. ಎಕ್ಸಾಸ್ಟು. ಬಡೀತಾ ಇದೆ."

ನನಗೇನೂ ಕೇಳಲಿಲ್ಲ.
ಆರಲು ಬಿಟ್ಟು, ಮುಚ್ಚಳ ತೆಗೆದು, ಇಪ್ಪತ್ತರ ಎಲೆ ತೂರಿಸಿದೆ:
ಬೆಣ್ಣೆಗೆ ಚಾಕು ಹೊಕ್ಕ ಹದ.
ಪಾಪ, ನಲವತ್ತು ವರ್ಷದ ಸದ್ದು
ಇವರ ಕಿವಿಯಲ್ಲೇ ಗೂಡು ಕಟ್ಟಿದೆ ಅಂದುಕೊಂಡೆ.
ಯಾವುದನ್ನೂ ಮುಟ್ಟದೆ ಮುಚ್ಚಳ ಬಿಗಿದು
"ಸರಿ ಮಾಡಿದೆ ಮೇಸ್ತ್ರಿ" ಅಂದೆ.

ಮತ್ತೆ ಚಾಲೂ. ಮತ್ತೆ ಕಿವಿ.
"ತೆಗೆದೆ, ಮುಚ್ಚಿದೆ. ಸರಿ ಎಲ್ಲಿ ಮಾಡಿದೆ, ಓಂಕಾರಿ?"
ಬೈಗುಳದ ದನಿಯಲ್ಲ.
ಊಟವಾಯಿತೇ ಎಂದು ಕೇಳುವಂತೆ.

ರಾತ್ರಿ ಒಬ್ಬನೇ, ಟಾರ್ಚು ಬಾಯಲ್ಲಿ ಕಚ್ಚಿ,
ರಾಕರ್ ಎತ್ತಿ ನೋಡಿದೆ.
ಹಳೇ ವಾಲ್ವಿನ ತಲೆಯ ಮೇಲೊಂದು ಕುಳಿ,
ಸ್ಕ್ರೂವಿನ ಉಬ್ಬು ಬಡಿದೂ ಬಡಿದೂ ತೋಡಿಕೊಂಡದ್ದು,
ಎಳ್ಳಿನ ಆಳವೂ ಇಲ್ಲ.
ನನ್ನ ಎಲೆ ಅದರ ಮೇಲೆ ಕಾಲುಸಂಕದಂತೆ ಹಾದು
ಅಂಚಿನಿಂದ ಅಂಚಿಗೆ ಸತ್ಯವನ್ನೇ ಹೇಳಿತ್ತು.
ಇಳಿದು ನೋಡಲು ಮಾತ್ರ ಅದಕ್ಕೆ ಬಾಗಲು ಬರದು.

ಅಟ್ಟದ ಮೇಲಿದ್ದ ಗುಜರಿ ಹೆಡ್ಡಿನಿಂದ ಬೇರೊಂದು ಬಿಚ್ಚಿ,
ಉಜ್ಜಿ, ಸೀಮೆಎಣ್ಣೆ ಸುರಿದು ಸೋರದ್ದು ನೋಡಿ,
ಕಟ್ಟಿ ಮುಗಿಸುವಷ್ಟರಲ್ಲಿ ಹಾಲಿನ ವ್ಯಾನು ಬಂದಿತ್ತು.
ಬೆಳಗ್ಗೆ ಮೇಸ್ತ್ರಿ ಕಿವಿಯಿಟ್ಟರು, ಏನೂ ಅನ್ನಲಿಲ್ಲ.
ಸ್ಕ್ರೂ ಡ್ರೈವರನ್ನು ಅದರ ಮೊಳೆಗೆ ನೇತುಹಾಕಿದರು.

ಭಾನುವಾರ, ಎಸ್ಟೇಟಿನ ಮೂರನೇ ಸ್ಟೇಜು.
ತಿರುವಿನ ಧರೆ ಮೇಲೆ ನಾವಿಬ್ಬರು,
ನನ್ನ ಜೇಬಿನಲ್ಲಿ ಆ ಹಳೇ ವಾಲ್ವು,
ಕುಳಿಯೊಳಗೆ ಹೆಬ್ಬೆರಳಿನ ಉಗುರು.
ಕಾರಿಗಿಂತ ಮೊದಲು ಬಂತು ದೇಚಮ್ಮನ ಸದ್ದು,
ಗೇರು ಇಳಿಸಿದಳು, ಒಂದು, ಇನ್ನೊಂದು,
ಕಾಫಿ ಗಿಡಗಳ ಮೇಲೆಲ್ಲ ಕೆಂಪು ಎರಚಿ
ಬಾಲ ತಿರುಗಿಸಿ ಹೋದಳು.

ಮೇಸ್ತ್ರಿ ಎಡಗಿವಿಯನ್ನು ಆ ಕಡೆಗೇ ಇಟ್ಟುಕೊಂಡು
ಬಹಳ ಹೊತ್ತು ನಿಂತರು,
ಧೂಳು ಕೂತ ಮೇಲೂ.
ಆಮೇಲೆ, "ಬಿಸ್ಕತ್ತು ತಂದಿದ್ದೀಯಾ?"