ಎರಡು ನಿಮಿಷ ತಡಿ

ಮನೆ ಮುಂದೆ ಗಾಡಿ ನಿಂತ ಮೇಲೂ ನಾನು ಕೀಲಿ ತಿರುವುವುದಿಲ್ಲ.
ಸುಶೀಲಾ ಚೀಲ ತಗೊಂಡು ಇಳಿಯುತ್ತಾಳೆ, ಗೇಟು ತೆಗೆಯುತ್ತಾಳೆ,
‘ಇಳೀರಿನ್ನ’ ಅನ್ನುತ್ತಾಳೆ.
‘ಎರಡು ನಿಮಿಷ ತಡಿ.’
ಕಾದ ಬೇರಿಂಗಿನ ಸುತ್ತ ಎಣ್ಣೆ ಇನ್ನೊಂದಿಷ್ಟು ಓಡಬೇಕು,
ಒಮ್ಮೆಲೇ ನಿಲ್ಲಿಸಿದರೆ ಅಲ್ಲೇ ಸುಟ್ಟು ಕೂರುತ್ತದೆ
ಒಗ್ಗರಣೆ ಸೌಟಿನ ತಳದ ಹಾಗೆ.

ಮೊದಲು ಇದು ಸಾಂಗ್ಲಿಯ ಡಾಕ್ಟರದು.
ಆಮೇಲೆ ನಿಪ್ಪಾಣಿಯ ತಂಬಾಕಿನ ಸಾವ್ಕಾರನದು:
ಡಿಕ್ಕಿ ತೆರೆದರೆ ಇವತ್ತಿಗೂ ಆ ಘಾಟು,
ಎಷ್ಟು ಸೋಪು ಹಾಕಿ ತಿಕ್ಕಿದರೂ.
ಮೂರನೆಯವನು ನಾನು. ಉದ್ಯಮಬಾಗದ ಫೌಂಡ್ರಿಯಲ್ಲಿ
ಇಪ್ಪತ್ತೊಂಬತ್ತು ವರ್ಷ ಸುತ್ತಿಗೆ ಹಿಡಿದವನು,
ಬಡಿಯುವ ಸುತ್ತಿಗೆಯಲ್ಲ, ಕೇಳುವ ಸುತ್ತಿಗೆ.
ಎರಕ ಆರಿದ ಮೇಲೆ ಒಂದೊಂದಕ್ಕೂ ಒಂದೇ ಏಟು.
ಗಂಟೆಯಂತೆ ಅಂದರೆ ಪಾಸು,
ಒಡೆದ ಮಡಕೆಯಂತೆ ಅಂದರೆ ಮರಳಿ ಭಟ್ಟಿಗೆ.

ನಾವು ಎರೆಯುತ್ತಿದ್ದದ್ದು ಟರ್ಬೊದ ಕವಚ.
ಕಾಗದದಲ್ಲಿ ಅದಕ್ಕೆ ಉದ್ದನೆಯ ನಂಬರು,
ನಮ್ಮ ಬಾಯಲ್ಲಿ ಬರೀ ಬಸವನಹುಳ.
‘ಇವತ್ತೆಷ್ಟು ಹುಳ ಬಿದ್ದಾವೋ?’
‘ನಾನೂರಾ ಹತ್ತರೀ.’
ಪುಣೆಗೆ, ಚೆನ್ನೈಗೆ, ಹಡಗು ಹತ್ತಿ ಇನ್ನೆಲ್ಲಿಗೋ.
ಊರವರ ಅವಸರವೆಲ್ಲ ಬಸವನಹುಳದ ಹೊಟ್ಟೆ ಸುತ್ತಿಯೇ
ಬರಬೇಕು ನೋಡು ಅಂತ ನಗುತ್ತಿದ್ದೆವು,
ಬೆವರು ಕಣ್ಣಿಗಿಳಿದು.

ಒಂದಕ್ಕೆ ಮಾತ್ರ ನಗು ಬರಲಿಲ್ಲ.
ಮಾರ್ಚ್ ಕೊನೆಯ ರಾತ್ರಿ, ಲಾರಿ ಗೇಟಿನಲ್ಲಿ ಹಾರ್ನು ಹೊಡೆಯುತ್ತಿತ್ತು.
ಆ ಹುಳದ ದನಿ ಗಂಟೆಯೂ ಅಲ್ಲ, ಮಡಕೆಯೂ ಅಲ್ಲ.
ಇನ್ನೊಂದು ಏಟು ಹಾಕಬಹುದಿತ್ತು.
ಸೀಮೆಸುಣ್ಣದಿಂದ ಸರಿ ಗುರುತು ಎಳೆದೆ.

ಥರ್ಡ್ ಗೇಟಿನ ದಸ್ತಗೀರ ಮೇಸ್ತ್ರಿ
ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ,
ಮಗುವಿನ ಹಲ್ಲು ನೋಡಿದಂತೆ.
‘ಟರ್ಬೊ ಗಟ್ಟಿ ಐತ್ರಿ, ಅದರ ಚಿಂತಿ ಬಿಡ್ರಿ.
ನಿಮ್ಮನ್ನ ರಸ್ತಾದಾಗ ನಿಲ್ಲಸೂದು ಟರ್ಬೊ ಅಲ್ಲ,
ಈ ಪ್ಲಾಸ್ಟಿಕ್ ಪೈಪು.’
ತೊಲೆಯಂಥ ಎಂಜಿನ್ನು, ಬೆರಳಿನಷ್ಟು ಪೈಪು!

ಅಂದಂತೆಯೇ ಆಯಿತು. ಸಂಕೇಶ್ವರದ ಮದುವೆ ಮುಗಿಸಿ ಬರುವಾಗ
ವಂಟಮೂರಿ ಘಾಟಿನಲ್ಲಿ ಕೆಂಪು ದೀಪ, ಬಿಳಿ ಹೊಗೆ.
ಎರಡು ಟ್ರೇಲರ್ ಕಬ್ಬು ಎಳೆಯುತ್ತ ಒಂದು ಟ್ರ್ಯಾಕ್ಟರು
ನಮ್ಮನ್ನು ಹಿಂದೆ ಹಾಕಿ ಹೋಯಿತು, ಹಾಡು ಹಚ್ಚಿಕೊಂಡು,
ಹೋಗುತ್ತ ಎರಡು ಜಲ್ಲೆ ಎಸೆಯಿತು.
ಡಾಕ್ಟರು ಕೂತ ತೊಗಲಿನ ಸೀಟಿನಲ್ಲಿ
ರೇಷ್ಮೆ ಸೀರೆಯುಟ್ಟ ಸುಶೀಲಾ ಕಬ್ಬು ಸಿಗಿದಳು.
ಅಷ್ಟು ಖುಷಿಯಲ್ಲಿ ಅವಳನ್ನು
ಗಾಡಿ ಓಡುವಾಗ ನಾನು ಕಂಡಿಲ್ಲ.

ಪೈಪು ಹಾಕುವಾಗ ದಸ್ತಗೀರ ಕೇಳಿದ:
‘ಶೀಲ್ಡ್ ಬಿಚ್ಚಲೇನ್ರಿ? ಒಳಗ ಎರಕದ ಗುರ್ತು ಇರತೈತಿ,
ನಿಮ್ಮ ಫೌಂಡ್ರೀದೋ ಏನೋ ನೋಡೂಣಂತ.’
ಸ್ಪ್ಯಾನರು ಬೋಲ್ಟಿನ ಮೇಲೇ ಇತ್ತು.
‘ಬ್ಯಾಡ’ ಅಂದೆ.

ಒಂದು ಲಕ್ಷ ಮೂವತ್ತೆಂಟು ಸಾವಿರ ಕಿಲೋಮೀಟರು.
ಪುಸ್ತಕ ಹದಿನೈದು ಸಾವಿರಕ್ಕೆ ಅಂದರೂ
ಎಂಟಕ್ಕೇ ಎಣ್ಣೆ ಬದಲಿಸುತ್ತೇನೆ.
ಖರ್ಚು ಬರೆಯುವುದು ಫೌಂಡ್ರಿಯ ಹಳೆಯ ರಿಜೆಕ್ಷನ್ ರಜಿಸ್ಟರಿನಲ್ಲಿ,
ಹಿಂದಿನ ಪುಟಗಳಲ್ಲಿ ಇನ್ನೂ ಆ ತುಂಡುಗಳ ಲೆಕ್ಕವಿದೆ.
ಆ ಒಂದರದು ಇಲ್ಲ.
‘ಹಳೇ ಗಾಡಿ, ನಂಬಬೋದೇನ್ರಿ?’ ಅಂತ ಎದುರು ಮನೆಯ ಪಾಟೋಳೆ.
ಅದು ನನ್ನನ್ನು ಕೇಳಿದರೆ
ಏನು ಹೇಳಲಿ ಅಂತ ಯೋಚಿಸುತ್ತೇನೆ.

‘ಚಾ ಆರತೈತಿ’ ಒಳಗಿನಿಂದ ಸುಶೀಲಾ.
ಸಿಳ್ಳು ಇಳಿದು ಇಳಿದು ಉಸಿರಾಗಿದೆ.
ಕಿವಿಗೊಟ್ಟು ಇನ್ನೊಂದು ಗಳಿಗೆ ಕೂತು
ಕೀಲಿ ತಿರುವುತ್ತೇನೆ.
ಮುಂದಿನ ಫ್ಯಾನು ಮಾತ್ರ ತನ್ನಷ್ಟಕ್ಕೆ ತಿರುಗುತ್ತಲೇ ಇದೆ.