ಲೋಡಿನಲ್ಲಿ ಮಾತ್ರ

ಖಾಲಿ ಇದ್ದರೆ ಕುದುರೆ ಸಾರ್, ಲೋಡು ಬಿದ್ದರೆ ಕತ್ತೆ,
ಎಂದ ಮುನಿವೆಂಕಟಪ್ಪ, ಕೀ ನನ್ನ ಅಂಗೈಗೆ ಹಾಕುತ್ತ.
ಹಳೇ ಟೂ-ನಾಟ್-ಸೆವೆನ್. ಬಂಪರಿಗೆ ಕಟ್ಟಿದ ನಿಂಬೆಹಣ್ಣು
ಒಣಗಿ ಗೋಲಿಯಾಗಿತ್ತು.

ಪ್ಲಾಸ್ಟಿಕ್ ಕವರಿನಲ್ಲಿ ಎರಡು ವರ್ಷದ ಬಿಲ್ಲುಗಳು.
ಪೀಣ್ಯದವನು ಫಿಲ್ಟರ್ ಬದಲಿಸಿದ್ದ,
ಲಗ್ಗೆರೆಯವನು ನಾಝಲ್ ಬಿಚ್ಚಿ ಪಂಪು ಟೆಸ್ಟಿಗೆ ಕಳಿಸಿದ್ದ,
ಕಲಾಸಿಪಾಳ್ಯದವನು ಟರ್ಬೋ ಹೋಗಿದೆ ಎಂದಿದ್ದ.
ಈ ಗಾಡಿಗೆ ಟರ್ಬೋ ಇರಲೇ ಇಲ್ಲ.

ನಾನೂ ಏನು ದೊಡ್ಡವನಲ್ಲ.
ಕಾಮಾಕ್ಷಿಪಾಳ್ಯದಲ್ಲಿ ಹನ್ನೆರಡಡಿ ಶೆಡ್ಡು,
ಬಲಗಿವಿ ಅರ್ಧ ಮಂದ.
ಫೀಡ್ ಪಂಪಿನ ಮೇಲೆ ಅನುಮಾನ ಬಂತು, ಹೊಸದು ಹಾಕಿದೆ,
ಎಂಟುನೂರು ಬರೆದೆ.
ನಿಂತಲ್ಲೇ ಆಕ್ಸಿಲರೇಟರ್ ತುಳಿದರೆ ಗುಂಯ್ ಎಂದು ಏರಿತು.
ತೊಗೊಂಡ್ಹೋಗಿ, ಆಯ್ತು, ಅಂದೆ.

ಸಂಜೆ ಫೋನು: ಸುಮನಹಳ್ಳಿ ಬ್ರಿಜ್ಜಿನ ನಡುಮಧ್ಯ.
ಹಿಂದೆ ಬಸ್ಸುಗಳ ಹಾರ್ನು,
ಎರಡು ಹಾರ್ನಿನ ನಡುವೆ ಅವನು ಏನೂ ಮಾತಾಡದಿರುವುದು
ನನ್ನ ಒಳ್ಳೆಯ ಕಿವಿಗೆ ಸ್ಪಷ್ಟ ಕೇಳಿಸಿತು.

ಶೆಡ್ಡಿನೊಳಗೆ ನಿಲ್ಲಿಸಿ ವಿಚಾರಿಸಿದರೆ
ಯಾವ ಇಂಜಿನ್ನೂ ಚೆನ್ನಾಗಿದ್ದೇನೆ ಅಂತಲೇ ಹೇಳುತ್ತದೆ.
ಮಾರನೇ ಬೆಳಿಗ್ಗೆ ಪಕ್ಕದ ಲೇತ್ ಶಾಪಿನ ರುದ್ರಾಚಾರಿಯ ಹತ್ತಿರ
ಮೂವತ್ತು ಮೂಟೆ ಕಬ್ಬಿಣದ ಸಿಪ್ಪೆ ಕೈಗಡ ಕೇಳಿದೆವು.
ಭಾರವನ್ನು ಸಾಲ ಕೇಳಿದವರು ನೀವೇ ಮೊದಲು,
ಎನ್ನುತ್ತ ಆತ ಎಣಿಸಿ ಚೀಟಿ ಬರೆಸಿಕೊಂಡ.

ಮೂರನೇ ಗೇರು. ಬ್ರಿಜ್ಜಿನ ದೀಪದ ಕಂಬ ಎಣಿಸಿದೆವು.
ಐದರವರೆಗೆ ಸರಿ. ಆರರಲ್ಲಿ ಒಂದು ಬಿಕ್ಕಳಿಕೆ.
ಏಳರಲ್ಲಿ ಎರಡು. ಎಂಟಕ್ಕೆ
ಬೈಗುಳ ನುಂಗಿಕೊಂಡವರ ಹಾಗೆ ಗಂಟಲು ಕಟ್ಟಿತು.
ಕನ್ನಡಿಯಲ್ಲಿ ನೋಡಿದೆ: ಕಪ್ಪು ಹೊಗೆಯಿಲ್ಲ.
ಅಂದರೆ ಗಾಳಿಗಲ್ಲ, ಎಣ್ಣೆಗೆ ಬರ.
ಆಫ್ ಮಾಡಿ, ಬೀಡಿ ಅರ್ಧ ಉರಿಯುವಷ್ಟು ಕಾದು,
ಮತ್ತೆ ಕೀ ತಿರುಗಿಸಿದರೆ
ಏನೂ ಆಗದವರಂತೆ ಹೊರಟಿತು.
ಆ ಅರ್ಧ ಬೀಡಿಯಲ್ಲೇ ಉತ್ತರ ಇತ್ತು.

ಐದು ಲೀಟರ್ ಕ್ಯಾನು ಅವನ ತೊಡೆಯ ಮೇಲೆ,
ಕಿಟಕಿಯಿಂದ ಬಾನೆಟ್ಟಿಗೆ ಕಣ್ಣಿಗೆ ಕಾಣುವ ಪೈಪು.
ಡ್ರಿಪ್ ಹಿಡಿದ ಆಸ್ಪತ್ರೆಯ ನೆಂಟನಂತೆ ಕೂತಿದ್ದ.
ಅದೇ ಸಿಪ್ಪೆ, ಅದೇ ಏರು,
ಆರು, ಏಳು, ಎಂಟು, ಹನ್ನೊಂದು, ಹದಿನಾಲ್ಕು—
ಇಳಿಜಾರಿಗೆ ಬಂದ ಮೇಲೂ
ಅವನು ಎಣಿಸುವುದನ್ನು ನಿಲ್ಲಿಸಲಿಲ್ಲ.

ಟ್ಯಾಂಕು ಕೆಳಗಿಳಿಸಿದೆವು.
ತಳದ ಗಸಿಯಲ್ಲಿ ಅಂಗೈಯಗಲ ಬಟ್ಟೆ.
ಇಂಜಿನ್ ಹೆಚ್ಚು ಕೇಳಿದಾಗ ಎದ್ದು ಬಂದು
ಪೈಪಿನ ಬಾಯಿಗೆ ಅಂಟುವುದು,
ಕೇಳುವುದನ್ನು ಬಿಟ್ಟರೆ ಮೆಲ್ಲಗೆ ತಳಕ್ಕೆ ಹೋಗಿ ಕೂರುವುದು.
ಸೀಮೆಎಣ್ಣೆಯಲ್ಲಿ ಜಾಲಿಸಿದೆ: ನೀಲಿ ಚೌಕಳಿ,
ಸ್ಕೂಲಿನ ಅಂಗಿಯ ಜೇಬು, ದಾರದಲ್ಲಿ ಹೊಲಿದ ಒಂದು ದೀಪ.

ನಂದಲ್ಲ, ಅಂದ.
ನಾನು ಕೇಳಿರಲಿಲ್ಲ.

ಟೀ ಮುಗಿದು, ಲೋಟ ತೊಳೆದಿಟ್ಟ ಮೇಲೆ ಬಾಯಿಬಿಟ್ಟ:
ನೆಲಮಂಗಲದ ಹತ್ರ ರಾತ್ರಿ ಮಲಗಿದ್ದಾಗ ಮುಚ್ಚಳ ಕದ್ದಿದ್ರು.
ಗಾಜು ಒರೆಸಕ್ಕೆ ಅಂತ ಮಗಳ ಹಳೇ ಅಂಗಿ ಇತ್ತು, ಹರಿದು ತುರುಕಿದೆ.
ಮನೆಗೆ ಬಂದು ನೋಡಿದ್ರೆ ಇಲ್ಲ. ದಾರೀಲಿ ಬಿದ್ದೋಯ್ತು ಅಂದ್ಕೊಂಡೆ.
ಯಾವಾಗ?
ಅವಳು ಏಳನೇ ಕ್ಲಾಸು.
ಈಗ?
ಹತ್ತು. ಗಾಡಿ ಮಾರಾಕು ಅಂತಾಳೆ.

ಹೊಸ ಮುಚ್ಚಳಕ್ಕೆ ನಾನು ಕಾಸು ತೆಗೆದುಕೊಳ್ಳಲಿಲ್ಲ.
ಎಂಟುನೂರರ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಒದ್ದೆ ಜೇಬನ್ನು ಹಿಂಡಿ, ನಾಲ್ಕಾಗಿ ಮಡಿಸಿ,
ಬಿಲ್ಲುಗಳ ಕವರಿನೊಳಗೆ ಇಟ್ಟುಕೊಂಡು ಹೋದ.

ಸಿಪ್ಪೆ ವಾಪಸ್ಸು ಕೊಟ್ಟೆವು.
ಇಪ್ಪತ್ತೊಂಬತ್ತೇ ಮೂಟೆ ಎಂದು ರುದ್ರಾಚಾರಿ
ಇವತ್ತಿಗೂ ನನ್ನ ಮಂದ ಕಿವಿಯ ಕಡೆ ನಿಂತು ಕೂಗುತ್ತಾನೆ.